ಬದುಕಿರೋ ಕೋಶ ಎಷ್ಟು? ಕರೆಂಟನ್ನೇ ಕೇಳೋಣ

ನಮ್ಮ ಸಂಘದಲ್ಲಿ ಚಳ್ಳಕೆರೆ ಕಡೆಯವರು ಇಬ್ಬರಿದ್ದಾರೆ. ಊರಿನ ಸುದ್ದಿ ಬಂದಾಗೆಲ್ಲ ಅವರ ಮಾತು ಉಳ್ಳಾರ್ತಿ ಕಾವಲಿಗೆ ಹೋಗಿ ನಿಲ್ಲುತ್ತೆ. ಮೈಸೂರು ಅರಸರ ಕಾಲದಿಂದ ಅಮೃತ ಮಹಲ್ ರಾಸುಗಳ ಮೇವಿಗೆ ಅಂತ ಮೀಸಲಿಟ್ಟ ಹುಲ್ಲುಗಾವಲು ಅದು. ಈಗ ಅದರ ಒಂದು ಭಾಗ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಹೋಗಿದೆ. ಪಕ್ಕದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1500 ಎಕರೆಯ ಕ್ಯಾಂಪಸ್ ಇದೆ. ಮೇಯೋ ಜಾಗ ಕಮ್ಮಿಯಾದರೂ ಆ ಸೀಮೆಯಲ್ಲಿ ಕುರಿ-ದನ ಕಮ್ಮಿಯಾಗಿಲ್ಲ. ಮ್ಯಾಸನಾಯಕರ ದೇವರ ಎತ್ತುಗಳನ್ನು ಕಾಯೋ ಕಿಲಾರಿಗಳು ಇನ್ನೂ ಇದ್ದಾರೆ. ಸಂಜೆ ಮಂದೆ ರೊಪ್ಪಕ್ಕೆ ಬಂದಾಗ ಒಂದೊಂದೇ ಒಳಗೆ ಬಿಟ್ಟು ತಲೆ ಎಣಿಸೋದು ಕಾಯೋರಿಗೆಲ್ಲ ಗೊತ್ತಿರೋ ಕೆಲಸ.

ಆ ಮಂದೆಗೆ ದೊಡ್ಡ ಭಯ ಅಂದ್ರೆ ಕಾಲುಬಾಯಿ ಜ್ವರ. ಬಾಯಲ್ಲಿ ಹುಣ್ಣು, ಗೊರಸಿನ ಸಂದಿನಲ್ಲಿ ಗುಳ್ಳೆ, ಸುರಿಯೋ ಜೊಲ್ಲು. ಮೇಯಕ್ಕೂ ಆಗಲ್ಲ, ನಡೆಯಕ್ಕೂ ಆಗಲ್ಲ. 2013ರಲ್ಲಿ ಈ ರೋಗ ನಮ್ಮ ರಾಜ್ಯದಲ್ಲಿ ಹರಡಿದಾಗ ಸಾವಿರಾರು ದನಗಳು ಸತ್ತವು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆರು ತಿಂಗಳಿಗೊಮ್ಮೆ ಲಸಿಕೆ ಹಾಕ್ತಾರೆ. ಪಶು ಆಸ್ಪತ್ರೆಯವರು ಐಸ್ ಪೆಟ್ಟಿಗೆ ಹಿಡಿದು ಬರೋದನ್ನ ನಮ್ಮ ಇಬ್ಬರು ಗೆಳೆಯರೂ ನೋಡಿದ್ದಾರೆ.

ಈ ಲೇಖನ ಆ ಐಸ್ ಪೆಟ್ಟಿಗೆಯ ಹಿಂದಿನ ಕಥೆ. ಲಸಿಕೆ ತಯಾರಾಗೋ ಟ್ಯಾಂಕಿನೊಳಗೂ ಒಂದು ಮಂದೆ ಇದೆ. ಅಲ್ಲೂ ತಲೆ ಎಣಿಸಬೇಕು. ಒಂದೇ ತೊಂದರೆ ಏನಪ್ಪಾ ಅಂದ್ರೆ, ಅಲ್ಲಿ ಒಂದು ಮಿಲಿಲೀಟರಿಗೆ ಲಕ್ಷಗಟ್ಟಲೆ ತಲೆ. ಅದರಲ್ಲಿ ಬದುಕಿರೋವು ಎಷ್ಟು, ಸತ್ತಿರೋವು ಎಷ್ಟು ಅಂತಾನೂ ಗೊತ್ತಾಗಬೇಕು.

ಟ್ಯಾಂಕಿನೊಳಗೆ ಏನಿದೆ?

ವೈರಸ್ ತಾನಾಗಿ ಬೆಳೆಯಲ್ಲ. ಅದಕ್ಕೆ ಜೀವಂತ ಕೋಶ ಬೇಕು. ಕಾಲುಬಾಯಿ ಜ್ವರದ ಲಸಿಕೆಗೆ ಪ್ರಪಂಚದ ಬಹುಪಾಲು ಕಡೆ ಬಳಸೋದು ಬಿಎಚ್‌ಕೆ-21 ಅನ್ನೋ ಕೋಶಗಳನ್ನ. 1960ರ ದಶಕದ ಆರಂಭದಲ್ಲಿ ಗ್ಲಾಸ್ಗೊದಲ್ಲಿ ಹ್ಯಾಮ್‌ಸ್ಟರ್ ಮರಿಗಳ ಮೂತ್ರಪಿಂಡದಿಂದ ತೆಗೆದ ಕೋಶಗಳ ಸಂತತಿ ಇವು. ಇಂಗ್ಲೆಂಡಿನ ಪರ್‌ಬ್ರೈಟ್‌ನಲ್ಲಿ 1962ರಲ್ಲಿ ಇವನ್ನ ಗಾಜಿಗೆ ಅಂಟಿಸದೆ ದ್ರವದಲ್ಲಿ ತೇಲಿಸಿಯೇ ಬೆಳೆಸಬಹುದು ಅಂತ ತೋರಿಸಿದರು. ಅಲ್ಲಿಂದಾಚೆಗೆ ದೊಡ್ಡ ಟ್ಯಾಂಕುಗಳಲ್ಲಿ ಲಸಿಕೆ ತಯಾರಿಸೋ ದಾರಿ ತೆರೀತು. ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲಿರೋ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಕ್ಯಾಂಪಸ್ಸು ಕಾಲುಬಾಯಿ ಲಸಿಕೆಯ ಕೆಲಸಕ್ಕೆ ದಶಕಗಳಿಂದ ಹೆಸರಾಗಿದೆ.

ಕೆಲಸದ ಕ್ರಮ ಹೀಗೆ. ಮೊದಲು ಟ್ಯಾಂಕಿನಲ್ಲಿ ಕೋಶಗಳನ್ನ ಬೆಳೆಸಬೇಕು. ಅವು ಸಾಕಷ್ಟು ಆದಮೇಲೆ ವೈರಸ್ ಬಿಡಬೇಕು. ಸುಮಾರು ಒಂದು ದಿನದೊಳಗೆ ವೈರಸ್ಸು ಕೋಶಗಳೊಳಗೆ ಹೆಚ್ಚಿಕೊಂಡು, ಕೋಶಗಳನ್ನ ಒಡೆದು ಹೊರಗೆ ಬರುತ್ತೆ. ಆಗ ದ್ರವ ಸೋಸಿ, ವೈರಸ್ಸನ್ನ ರಾಸಾಯನಿಕದಿಂದ ನಿಷ್ಕ್ರಿಯಗೊಳಿಸಿ, ಶುದ್ಧ ಮಾಡಿ ಲಸಿಕೆ ಮಾಡ್ತಾರೆ.

ಇದರಲ್ಲಿ ಎರಡು ಕಡೆ ಸಮಯ ತಪ್ಪಬಾರದು. ವೈರಸ್ಸನ್ನ ಬೇಗ ಬಿಟ್ಟರೆ ಕೋಶ ಕಮ್ಮಿ, ಇಳುವರಿಯೂ ಕಮ್ಮಿ. ತಡ ಮಾಡಿದರೆ ಕೋಶಗಳು ಆಹಾರ ಸಾಲದೆ ಸೊರಗಿರುತ್ತವೆ. ಕೊನೆಯಲ್ಲಿ ಕೊಯ್ಲೂ ಅಷ್ಟೆ. ಬೇಗ ತೆಗೆದರೆ ವೈರಸ್ ಇನ್ನೂ ಕೋಶದೊಳಗೇ ಇರುತ್ತೆ. ಕಾಯಿಸುತ್ತಾ ಕೂತರೆ ಕಾಲುಬಾಯಿ ವೈರಸ್ಸಿನ ಕಣ ಬಲು ನಾಜೂಕು; ಬಿಸಿಗೂ ಆಮ್ಲಕ್ಕೂ ಒಡೆದು ಹೋಗುತ್ತೆ. ದನದ ಮೈಯಲ್ಲಿ ರೋಗನಿರೋಧಕ ಶಕ್ತಿ ಚೆನ್ನಾಗಿ ಹುಟ್ಟಿಸೋದು ಇಡಿಯಾದ ಕಣ, ಒಡೆದ ಚೂರು ಅಲ್ಲ. ಹಾಗಾಗಿ "ಈಗ ಎಷ್ಟು ಕೋಶ ಬದುಕಿವೆ?" ಅನ್ನೋ ಪ್ರಶ್ನೆಯ ಉತ್ತರ ತಪ್ಪಿದರೆ ಅದರ ಪರಿಣಾಮ ಕೊನೆಗೆ ಆ ಐಸ್ ಪೆಟ್ಟಿಗೆಯೊಳಗಿನ ಬಾಟಲಿಯಲ್ಲಿ ಕಾಣುತ್ತೆ.

ಹಳೇ ದಾರಿ: ನೀಲಿ ಬಣ್ಣ, ಗಾಜಿನ ಚೌಕ

ಬಯೋಟೆಕ್ ಗೆಳೆಯರಿಗೆ ಇದು ಗೊತ್ತು. ಟ್ಯಾಂಕಿನಿಂದ ಸ್ವಲ್ಪ ದ್ರವ ತೆಗೆದು ಟ್ರಿಪಾನ್ ಬ್ಲೂ ಅನ್ನೋ ಬಣ್ಣ ಬೆರೆಸ್ತಾರೆ. ಬದುಕಿರೋ ಕೋಶದ ಪೊರೆ ಗಟ್ಟಿ, ಬಣ್ಣ ಒಳಗೆ ಬಿಡಲ್ಲ. ಸತ್ತ ಕೋಶದ ಪೊರೆ ತೂತಾಗಿರುತ್ತೆ, ಬಣ್ಣ ನುಗ್ಗಿ ನೀಲಿಯಾಗುತ್ತೆ. ಹೀಮೊಸೈಟೋಮೀಟರ್ ಅನ್ನೋ ಗೆರೆ ಕೊರೆದ ಗಾಜಿನ ಮೇಲೆ ಹಾಕಿ, ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಎಣಿಸೋದು.

ವಿಧಾನ ಸರಳ, ನಂಬಿಕಸ್ತ ಕೂಡ. ಆದರೆ ನೂರು ಕೋಶ ಎಣಿಸಿದರೆ ಅಂಕಿಅಂಶದ ಲೆಕ್ಕದಲ್ಲೇ 10 ಶೇಕಡಾ ಆಚೀಚೆ ಆಗುತ್ತೆ. ನೂರರ ವರ್ಗಮೂಲ ಹತ್ತು ತಾನೆ. ಅದನ್ನ 5 ಶೇಕಡಾಕ್ಕೆ ಇಳಿಸಬೇಕಂದ್ರೆ ನಾನೂರು ಎಣಿಸಬೇಕು. ಮೇಲಾಗಿ ಪ್ರತಿ ಸಲ ಟ್ಯಾಂಕಿನಿಂದ ಸ್ಯಾಂಪಲ್ ತೆಗೆಯೋದೂ ಬ್ಯಾಕ್ಟೀರಿಯಾ ಒಳಗೆ ಹೋಗೋಕೆ ಒಂದು ಅವಕಾಶ. ಅದಕ್ಕೇ ದಿನಕ್ಕೆ ಒಂದೋ ಎರಡೋ ಸಲ ಮಾತ್ರ ತೆಗೀತಾರೆ. ಉದಾಹರಣೆಗೆ, ಕೋಶಗಳು 16 ಗಂಟೆಗೊಮ್ಮೆ ಇಮ್ಮಡಿ ಆಗ್ತವೆ ಅಂತಿಟ್ಟುಕೊಳ್ಳಿ. ರಾತ್ರಿ ನಾವು ಮಲಗಿ ಏಳೋ 8 ಗಂಟೆಯಲ್ಲಿ ಮಂದೆ 1.4 ಪಟ್ಟು ಆಗಿರುತ್ತೆ. ಆ ನಡುವೆ ಏನಾಯ್ತು ಅಂತ ಯಾರೂ ನೋಡಿರಲ್ಲ.

ಇಲ್ಲಿಂದ ಮುಂದೆ ಇಸಿ, ಇಇಇ ಗೆಳೆಯರು ಹತ್ತಿರ ಬಂದು ಕೂತುಕೊಳ್ಳಿ.

ಪ್ರತಿ ಕೋಶವೂ ಒಂದು ಕೆಪಾಸಿಟರ್

ಕೆಪಾಸಿಟರ್ ಅಂದ್ರೆ ಏನು? ಎರಡು ವಾಹಕಗಳ ನಡುವೆ ಒಂದು ಅವಾಹಕ. ಕೋಶವನ್ನ ನೋಡಿ. ಹೊರಗೆ ಉಪ್ಪಿನ ದ್ರವ, ಒಳಗೂ ಉಪ್ಪಿನ ದ್ರವ, ಎರಡೂ ವಾಹಕ. ನಡುವೆ ಕೊಬ್ಬಿನ ಎರಡು ಪದರದ ಪೊರೆ, ಅದು ಅವಾಹಕ. ದಪ್ಪ ಸುಮಾರು 5 ನ್ಯಾನೊಮೀಟರ್.

ಮೊದಲ ವರ್ಷದ ಸೂತ್ರ ಹಾಕೋಣ. ಪೊರೆಯ ರಿಲೇಟಿವ್ ಪರ್ಮಿಟಿವಿಟಿ 5 ಅಂತ ಹಿಡಿದು, ಅದನ್ನ ನಿರ್ವಾತದ ಪರ್ಮಿಟಿವಿಟಿಯಿಂದ ಗುಣಿಸಿ, 5 ನ್ಯಾನೊಮೀಟರಿನಿಂದ ಭಾಗಿಸಿದರೆ ಚದರ ಸೆಂಟಿಮೀಟರಿಗೆ ಸುಮಾರು 0.9 ಮೈಕ್ರೊಫ್ಯಾರಡ್ ಬರುತ್ತೆ. ಅಳತೆ ಮಾಡಿದಾಗ ಸಿಗೋದೂ ಹೆಚ್ಚುಕಮ್ಮಿ 1 ಮೈಕ್ರೊಫ್ಯಾರಡ್ಡೇ. ಈ ಲೆಕ್ಕವನ್ನ 1925ರಲ್ಲಿ ಹ್ಯೂಗೊ ಫ್ರಿಕೆ ಅನ್ನೋ ಭೌತವಿಜ್ಞಾನಿ ಉಲ್ಟಾ ಮಾಡಿದ್ದ. ರಕ್ತದ ಕೆಂಪು ಕಣಗಳ ಮೇಲೆ ಎಸಿ ಹಾಯಿಸಿ 0.81 ಮೈಕ್ರೊಫ್ಯಾರಡ್ ಅಂತ ಅಳೆದು, ಅದರಿಂದ ಪೊರೆ ಸುಮಾರು 3.3 ನ್ಯಾನೊಮೀಟರ್ ದಪ್ಪ ಇರಬೇಕು ಅಂದ. ಪೊರೆಯನ್ನ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಣ್ಣಾರೆ ನೋಡೋ ಕಾಲ ಇನ್ನೂ ಬಂದಿರಲಿಲ್ಲ. ಅದು ಕೆಲವೇ ಅಣುಗಳಷ್ಟು ದಪ್ಪ ಅಂತ ಒಂದು ಬ್ರಿಡ್ಜ್ ಸರ್ಕ್ಯೂಟು ಮೊದಲೇ ಹೇಳಿಬಿಟ್ಟಿತ್ತು.

ಈಗ ಟ್ಯಾಂಕಿಗೆ ಎಸಿ ಕೊಡಿ. ಫ್ರೀಕ್ವೆನ್ಸಿ ಕಮ್ಮಿ ಇದ್ದಾಗ ಕೋಶದೊಳಗಿನ ಅಯಾನುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಿ ಪೊರೆಗೆ ಬಡಿದು ನಿಲ್ಲುತ್ತವೆ. ಒಂದು ಬದಿಗೆ ಪ್ಲಸ್, ಇನ್ನೊಂದು ಬದಿಗೆ ಮೈನಸ್. ಇಡೀ ಕೋಶ ಚಾರ್ಜ್ ಆದ ಕೆಪಾಸಿಟರ್ ಥರ ವರ್ತಿಸುತ್ತೆ. ಫ್ರೀಕ್ವೆನ್ಸಿ ಏರಿಸುತ್ತಾ ಹೋದರೆ ಅಯಾನುಗಳು ಆ ಕಡೆ ಮುಟ್ಟೋಷ್ಟರಲ್ಲೇ ದಿಕ್ಕು ಬದಲಾಗಿರುತ್ತೆ, ಚಾರ್ಜ್ ಆಗೋಕೆ ಟೈಮೇ ಸಾಲಲ್ಲ. 10 ಮೆಗಾಹರ್ಟ್ಸ್ ದಾಟಿದ ಮೇಲೆ ಕೋಶಗಳು ಇದ್ದೂ ಇಲ್ಲದ ಹಾಗೆ. ಸುಮಾರು 14 ಮೈಕ್ರೊಮೀಟರ್ ವ್ಯಾಸದ ಕೋಶಕ್ಕೆ ಈ ಇಳಿತದ ಮಧ್ಯಬಿಂದು 1ರಿಂದ 2 ಮೆಗಾಹರ್ಟ್ಸ್ ಆಸುಪಾಸು ಬರುತ್ತೆ. ಅಳತೆಗೆ ಬಳಸೋದು ಅದಕ್ಕಿಂತ ಸ್ವಲ್ಪ ಕೆಳಗೆ, ಅರ್ಧ ಮೆಗಾಹರ್ಟ್ಸಿನಿಂದ 1 ಮೆಗಾಹರ್ಟ್ಸಿನ ಒಳಗೆ. ಆಕಾಶವಾಣಿ ಬೆಂಗಳೂರಿನ 612 ಕಿಲೊಹರ್ಟ್ಸ್ ಕೂಡ ಈ ಪಟ್ಟಿಯೊಳಗೇ ಬರುತ್ತೆ.

ಆ ಫ್ರೀಕ್ವೆನ್ಸಿಯಲ್ಲಿ ಅಳೆದ ಕೆಪಾಸಿಟೆನ್ಸಿನಿಂದ 10 ಮೆಗಾಹರ್ಟ್ಸಿನಲ್ಲಿ ಅಳೆದದ್ದನ್ನ ಕಳೆದುಬಿಡಿ. ನೀರಿನ ಪಾಲು ಹೋಯ್ತು. ಉಳಿದದ್ದು ಬದುಕಿರೋ ಕೋಶಗಳ ಪಾಲು.

ಬದುಕಿರೋವು ಮಾತ್ರ ಯಾಕೆ? ಪೊರೆ ತೂತಾದ ಕೋಶದಲ್ಲಿ ಅಯಾನು ಬಡಿದು ನಿಲ್ಲಲ್ಲ, ತೂರಿಕೊಂಡು ಆಚೆ ಹೋಗುತ್ತೆ. ಚಾರ್ಜ್ ಕೂಡಲ್ಲ, ಕೆಪಾಸಿಟರ್ ಇಲ್ಲ. ಟ್ರಿಪಾನ್ ಬ್ಲೂ ಕೇಳಿದ್ದ ಪ್ರಶ್ನೆಯೇ ಇದು, "ಪೊರೆ ಗಟ್ಟಿ ಇದೆಯಾ?" ಅಂತ. ವ್ಯತ್ಯಾಸ ಇಷ್ಟೇ. ಬಣ್ಣ ಕೇಳೋದು ಹೊರಗೆ ತೆಗೆದ ಒಂದು ಹನಿಯನ್ನ. ಕರೆಂಟು ಕೇಳೋದು ಟ್ಯಾಂಕಿನೊಳಗೇ ಇರೋ ಕೋಶಗಳನ್ನ, ನಿಮಿಷ ನಿಮಿಷಕ್ಕೂ, ಮುಚ್ಚಳ ತೆಗೆಯದೆ. ಗಾಳಿಯ ಗುಳ್ಳೆ, ಕೋಶದ ಚೂರು, ಕಸ ಯಾವುದಕ್ಕೂ ಗಟ್ಟಿ ಪೊರೆ ಇಲ್ಲ, ಅವು ಕೆಪಾಸಿಟರ್ ಆಗಿ ಲೆಕ್ಕಕ್ಕೆ ಬರಲ್ಲ.

ಸಿಗ್ನಲ್ ಎಷ್ಟು ಸಿಗುತ್ತೆ? ಮಿಲಿಲೀಟರಿಗೆ 20 ಲಕ್ಷ ಕೋಶ, ತ್ರಿಜ್ಯ 7 ಮೈಕ್ರೊಮೀಟರ್ ಅಂತ ಹಿಡಿದು ಲೆಕ್ಕ ಹಾಕಿದೆವು. ಒಂದು ಲೀಟರಿನಲ್ಲಿ ಕೋಶಗಳೆಲ್ಲ ಸೇರಿ ತುಂಬೋ ಜಾಗ ಬರೀ 3 ಮಿಲಿಲೀಟರ್, ಅಂದ್ರೆ 0.3 ಶೇಕಡಾ. ಆದರೆ ಅವು ದ್ರವದ ರಿಲೇಟಿವ್ ಪರ್ಮಿಟಿವಿಟಿಗೆ ಸೇರಿಸೋದು ಸುಮಾರು 50! ನೀರಿನದೇ 75 ಚಿಲ್ಲರೆ ಇರೋವಾಗ ಇದು ಸಣ್ಣ ಮೊತ್ತ ಅಲ್ಲ. ಪೊರೆ ಅಷ್ಟು ತೆಳು ಇರೋದೇ ಇದಕ್ಕೆ ಕಾರಣ.

ಅಂಟಿಕೊಂಡು ಬೆಳೆಯೋ ಕೋಶಗಳಿಗೆ

ಎಲ್ಲ ಕೋಶಗಳೂ ತೇಲಲ್ಲ. ಬಹಳಷ್ಟು ಕೋಶಗಳಿಗೆ ನೆಲ ಬೇಕು, ಗಾಜಿಗೋ ಪ್ಲಾಸ್ಟಿಕ್ಕಿಗೋ ಅಂಟಿಕೊಂಡು ಹರಡುತ್ತವೆ. ಅವುಗಳಿಗೆ ಇನ್ನೊಂದು ಉಪಾಯ ಇದೆ. ತಟ್ಟೆಯ ತಳದಲ್ಲೇ ಪುಟ್ಟ ಚಿನ್ನದ ಎಲೆಕ್ಟ್ರೋಡ್ ಇಟ್ಟುಬಿಡೋದು. 1984ರಲ್ಲಿ ಇದನ್ನ ಮಾಡಿ ತೋರಿಸಿದವರು ಐವರ್ ಗ್ಯಾವರ್ ಮತ್ತು ಚಾರ್ಲ್ಸ್ ಕೀಸ್. ಗ್ಯಾವರ್ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಸೂಪರ್‌ಕಂಡಕ್ಟರ್ ಕೆಲಸಕ್ಕೆ 1973ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದಾತ. ಆಮೇಲೆ ಕೋಶಗಳ ಕಡೆ ಬಂದ. ಮೆಕ್ ಗೆಳೆಯರೇ, ನಿಮಗೂ ಇಲ್ಲಿ ಜಾಗ ಇದೆ.

ಇದರ ತತ್ವ ಚಳ್ಳಕೆರೆ ರಸ್ತೆಯಲ್ಲಿ ಬಸ್ಸಿನಲ್ಲಿ ಕೂತವರಿಗೆ ತಾನಾಗಿ ಅರ್ಥವಾಗುತ್ತೆ. ರಸ್ತೆ ಖಾಲಿ ಇದ್ದರೆ ಬಸ್ಸು ಸಲೀಸಾಗಿ ಹೋಗುತ್ತೆ. ಕುರಿ ಮಂದೆ ಅಡ್ಡ ಬಂದರೆ ಸಂದಿನಲ್ಲಿ ನುಸುಳಿಕೊಂಡು ಹೋಗಬೇಕು. ಎಲೆಕ್ಟ್ರೋಡಿನ ಮೇಲೆ ಕೋಶ ಕೂತರೆ ಕರೆಂಟು ಅದರ ಅಡಿಯ ಸಂದು, ಅಕ್ಕಪಕ್ಕದ ಸಂದಿನಲ್ಲಿ ನುಸುಳಬೇಕು. ಇಂಪಿಡೆನ್ಸ್ ಏರುತ್ತೆ. ಎಲೆಕ್ಟ್ರೋಡ್ ಪೂರ್ತಿ ಮುಚ್ಚಿಹೋದ ಮೇಲೆ ಗ್ರಾಫ್ ಮಟ್ಟಸವಾಗುತ್ತೆ. ಕೋಶ ಸತ್ತು ದುಂಡಗಾಗಿ ಕಿತ್ತು ಬಂದರೆ ಗ್ರಾಫ್ ಬೀಳುತ್ತೆ.

ಎಲೆಕ್ಟ್ರೋಡ್ ಸಣ್ಣದೇ ಯಾಕಿರಬೇಕು? ಸಾಮಾನ್ಯವಾಗಿ ವ್ಯಾಸ 250 ಮೈಕ್ರೊಮೀಟರ್ ಇಡ್ತಾರೆ. ದೊಡ್ಡದಾದರೆ ಅದರ ಇಂಪಿಡೆನ್ಸ್ ಕಮ್ಮಿಯಾಗಿ, ದ್ರವದ ರೆಸಿಸ್ಟೆನ್ಸೇ ಮೇಲುಗೈಯಾಗಿ, ಕೋಶ ತರೋ ಬದಲಾವಣೆ ಅದರಲ್ಲಿ ಮುಳುಗಿಹೋಗುತ್ತೆ. ಹರಿಸೋ ಕರೆಂಟು ಸುಮಾರು 1 ಮೈಕ್ರೊಆಂಪಿಯರ್, ಕೋಶಕ್ಕೆ ತೊಂದರೆ ಇಲ್ಲ.

ಗ್ರಾಫ್ ಸುಳ್ಳು ಹೇಳಲ್ಲ, ಆದರೆ…

ಇಲ್ಲಿವರೆಗೆ ಓದಿ "ಹಾಗಾದ್ರೆ ಮೈಕ್ರೋಸ್ಕೋಪ್ ಬಿಸಾಕೋಣ" ಅಂದುಕೊಂಡರೆ ತಾಳಿ. ಕೆಪಾಸಿಟೆನ್ಸ್ ಹೇಳೋದು ತಲೆಗಳ ಸಂಖ್ಯೆಯನ್ನಲ್ಲ. ತೇಲೋ ಕೋಶಗಳ ಸೂತ್ರದಲ್ಲಿ ಸಂಖ್ಯೆಯ ಜೊತೆ ತ್ರಿಜ್ಯದ ನಾಲ್ಕನೇ ಘಾತ ಗುಣಿಸಿಕೊಂಡು ಬರುತ್ತೆ. ಅಂದ್ರೆ ಒಂದೇ ಒಂದು ಕೋಶವೂ ಹೊಸದಾಗಿ ಹುಟ್ಟದೆ, ಇರೋ ಕೋಶಗಳ ತ್ರಿಜ್ಯ ಬರೀ 10 ಶೇಕಡಾ ಉಬ್ಬಿದರೆ ರೀಡಿಂಗು 46 ಶೇಕಡಾ ಏರುತ್ತೆ.

ಮೇಲೆ ಹೇಳಿದ ಉದಾಹರಣೆ ನೆನಪಿದೆಯಾ? ರಾತ್ರಿ 8 ಗಂಟೆಯಲ್ಲಿ ಮಂದೆ 1.4 ಪಟ್ಟು ಆಗಿತ್ತು. ಅಂದ್ರೆ ಒಂದು ರಾತ್ರಿಯ ಬೆಳವಣಿಗೆಗೂ ಕೋಶ ಸ್ವಲ್ಪ ಊದಿಕೊಂಡಿದ್ದಕ್ಕೂ ಗ್ರಾಫ್ ಹೆಚ್ಚುಕಮ್ಮಿ ಒಂದೇ ಥರ ಕಾಣಬಹುದು. ಇದು ಬರೀ ಕಾಗದದ ಮೇಲಿನ ಭಯ ಅಲ್ಲ. ಕೀಟದ ಕೋಶಗಳಿಗೆ ಬ್ಯಾಕ್ಯುಲೊವೈರಸ್ ತಗುಲಿಸಿದಾಗ ಕೋಶಗಳು ಮೊದಲು ಉಬ್ಬುತ್ತವೆ, ಕೆಪಾಸಿಟೆನ್ಸ್ ಏರುತ್ತೆ. ಆಮೇಲೆ ಒಡೆದು ಬೀಳುತ್ತೆ. ಆ ಏರಿಕೆಯನ್ನ "ಚೆನ್ನಾಗಿ ಬೆಳೀತಿವೆ" ಅಂತ ಓದಿದರೆ ಕಥೆ ಮುಗೀತು.

ಬಿಡಿಸೋಕೆ ದಾರಿ ಇದೆ. ಒಂದೇ ಫ್ರೀಕ್ವೆನ್ಸಿಯಲ್ಲಿ ಅಳೆಯೋ ಬದಲು 20-25 ಫ್ರೀಕ್ವೆನ್ಸಿಗಳಲ್ಲಿ ಸ್ಕ್ಯಾನ್ ಮಾಡಬೇಕು. ಕೋಶ ದೊಡ್ಡದಾದರೆ ಇಳಿತದ ಮಧ್ಯಬಿಂದು ಕೆಳಗಿನ ಫ್ರೀಕ್ವೆನ್ಸಿಗೆ ಸರಿಯುತ್ತೆ. ಸಂಖ್ಯೆ ಮಾತ್ರ ಹೆಚ್ಚಾದರೆ ಅದು ಇದ್ದಲ್ಲೇ ಇರುತ್ತೆ. ಎರಡನ್ನೂ ಒಟ್ಟಿಗೆ ನೋಡಿದರೆ ಉಬ್ಬಿದ್ದು ಯಾವುದು, ಬೆಳೆದದ್ದು ಯಾವುದು ಅಂತ ಬೇರೆ ಮಾಡಬಹುದು. ಅದರ ಮೇಲೂ ದಿನಕ್ಕೊಮ್ಮೆ ಆ ಹಳೇ ನೀಲಿ ಬಣ್ಣದ ಎಣಿಕೆ ಮಾಡಿ ತಾಳೆ ನೋಡಬೇಕು.

ನಾವು ಮಾಡಿದ ಪೆದ್ದುತನ

ಓದಿದ್ದೆಲ್ಲ ಸರಿ, ಮಾಡಿ ನೋಡೋಣ ಅಂತ ನಾವು ನಾಲ್ಕು ಜನ ಹೊರಟೆವು. ಹ್ಯಾಮ್‌ಸ್ಟರ್ ಕೋಶ ಎಲ್ಲಿ ತರೋದು? ಬೇಕರಿಗೆ ಬಳಸೋ ಒಣ ಯೀಸ್ಟ್ ತಂದೆವು. ಹಿಂದಿನ ರಾತ್ರಿ ಸಕ್ಕರೆ-ಉಪ್ಪಿನ ನೀರು ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದೆವು. ಎರಡು ಸ್ಟೀಲ್ ಕಡ್ಡಿ, ಫಂಕ್ಷನ್ ಜನರೇಟರ್, ಸೀರೀಸಲ್ಲೊಂದು ರೆಸಿಸ್ಟರ್, ಆಸಿಲೊಸ್ಕೋಪ್. 1 ಕಿಲೊಹರ್ಟ್ಸ್ ಇಟ್ಟು ಎರಡು ಗಂಟೆ ಕೂತು ರೀಡಿಂಗ್ ಬರೆದೆವು. ಇಂಪಿಡೆನ್ಸ್ ಒಂದೇ ಸಮನೆ ಇಳೀತಾ ಬಂತು. ಗ್ರಾಫ್ ಎಷ್ಟು ನುಣುಪಾಗಿತ್ತು ಅಂದ್ರೆ, "ಯೀಸ್ಟ್ ಬೆಳವಣಿಗೆ" ಅಂತ ಶೀರ್ಷಿಕೆ ಹಾಕಿ ಬಯೋಟೆಕ್ ಮೇಡಂಗೆ ತೋರಿಸಿಯೇಬಿಟ್ಟೆವು.

ಮೇಡಂ ಕೇಳಿದ್ದು ಒಂದೇ ಮಾತು: "ಸತ್ತಿರೋ ಯೀಸ್ಟ್ ಹಾಕಿ ನೋಡಿದ್ರೇನ್ರೋ?"

ನೋಡಿರಲಿಲ್ಲ. ಮಾರನೇ ದಿನ ಯೀಸ್ಟ್ ಕುದಿಸಿ, ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ಹಾಕಿದೆವು. ಅದೇ ಇಳಿತ! ಸತ್ತ ಯೀಸ್ಟೂ "ಬೆಳೀತಾ" ಇತ್ತು. ಆಗ ಗೊತ್ತಾಯ್ತು, ನಾವು ಅಳೆದದ್ದು ಫ್ರಿಜ್ಜಿನಿಂದ ತೆಗೆದ ನೀರು ಬೆಚ್ಚಗಾಗೋದನ್ನ. ಉಪ್ಪಿನ ನೀರಿನ ವಾಹಕತೆ ಒಂದು ಡಿಗ್ರಿಗೆ ಸುಮಾರು 2 ಶೇಕಡಾ ಏರುತ್ತೆ. ಹದಿನೈದು ಡಿಗ್ರಿ ಏರಿದರೆ 30 ಶೇಕಡಾ. ಅದರ ಮುಂದೆ ಯೀಸ್ಟಿನ ದನಿ ಎಲ್ಲಿ ಕೇಳಬೇಕು?

ಇನ್ನೊಂದು ತಪ್ಪೂ ಇತ್ತು. ಲೋಹದ ಕಡ್ಡಿಯನ್ನ ಉಪ್ಪುನೀರಿಗೆ ಅದ್ದಿದರೆ ಅದರ ಮೈಮೇಲೇ ಅಯಾನುಗಳ ಒಂದು ಪದರ ಕಟ್ಟಿಕೊಳ್ಳುತ್ತೆ. ಅದೂ ಒಂದು ಕೆಪಾಸಿಟರ್. ಕಮ್ಮಿ ಫ್ರೀಕ್ವೆನ್ಸಿಯಲ್ಲಿ ಕೋಶಗಳಿಗಿಂತ ಅದರದೇ ಗದ್ದಲ ಜಾಸ್ತಿ. ಯೀಸ್ಟ್ ಬಿಡೋ ಗಾಳಿಯ ಗುಳ್ಳೆ ಕಡ್ಡಿಗೆ ಅಂಟಿಕೊಂಡರಂತೂ ಕೇಳಲೇಬೇಡಿ.

ಮೂರನೇ ಸಲ ನಾಲ್ಕು ಕಡ್ಡಿ ಹಾಕಿದೆವು. ಹೊರಗಿನ ಎರಡರಲ್ಲಿ ಕರೆಂಟು, ಒಳಗಿನ ಎರಡರಲ್ಲಿ ವೋಲ್ಟೇಜ್. ವೋಲ್ಟೇಜ್ ಅಳೆಯೋ ಕಡ್ಡಿಗಳಲ್ಲಿ ಕರೆಂಟು ಹೆಚ್ಚುಕಮ್ಮಿ ಹರಿಯಲ್ಲ, ಹಾಗಾಗಿ ಆ ಪದರದ ಕಾಟ ಬಹಳ ಕಮ್ಮಿ. ಫ್ರೀಕ್ವೆನ್ಸಿ 300 ಕಿಲೊಹರ್ಟ್ಸಿಗೆ ಏರಿಸಿದೆವು. ಎರಡೂ ಲೋಟ ರೂಮಿನ ಬಿಸಿಗೆ ಬರೋವರೆಗೆ ಕಾದೆವು. ಯೀಸ್ಟನ್ನ ಮಜ್ಜಿಗೆ ಹದಕ್ಕೆ ಗಟ್ಟಿ ಕಲಸಿದೆವು. ಕುದಿಸಿದ ಯೀಸ್ಟಿನಿಂದ ಒಳಗಿನ ಪೊಟ್ಯಾಸಿಯಂ ಎಲ್ಲ ಹೊರಗೆ ಬಂದು ಆ ಲೋಟದ ರೆಸಿಸ್ಟೆನ್ಸ್ ಕಮ್ಮಿಯಾಗಿತ್ತು, ಅದಕ್ಕೆ ಜೀವಂತ ಯೀಸ್ಟಿನ ಲೋಟಕ್ಕೆ ಚಿಟಿಕೆ ಉಪ್ಪು ಸೇರಿಸಿ ಸರಿದೂಗಿಸಿದೆವು. ಆಗ ಕಂಡಿತು ನೋಡಿ: ಜೀವಂತ ಯೀಸ್ಟಿನಲ್ಲಿ ಕರೆಂಟಿಗೂ ವೋಲ್ಟೇಜಿಗೂ ಮೂರು ಡಿಗ್ರಿ ಆಸುಪಾಸಿನ ಫೇಸ್ ವ್ಯತ್ಯಾಸ, ಕುದಿಸಿದ ಯೀಸ್ಟಿನಲ್ಲಿ ಹೆಚ್ಚುಕಮ್ಮಿ ಸೊನ್ನೆ. ಬರೀ ಮೂರು ಡಿಗ್ರಿ. ಆದರೆ ಈ ಸಲ ಅದು ಪೊರೆ ಹೇಳಿದ ಮಾತು ಅಂತ ನಮಗೆ ಖಾತ್ರಿ ಇತ್ತು, ಯಾಕಂದ್ರೆ ಸತ್ತದ್ದು ಅದನ್ನ ಹೇಳಲಿಲ್ಲ.

ಮೊದಲ ದಿನದ ನುಣುಪು ಗ್ರಾಫನ್ನ ನಾವು ಹರಿದು ಹಾಕಿಲ್ಲ, ಸಂಘದ ಬೋರ್ಡಿಗೆ ಹಚ್ಚಿದ್ದೀವಿ. ನಮ್ಮ ತಪ್ಪಿನಿಂದ ಹಾಳಾದದ್ದು ಒಂದು ಪ್ಯಾಕೆಟ್ ಯೀಸ್ಟ್. ಅದೇ ತಪ್ಪು ಲಸಿಕೆಯ ಟ್ಯಾಂಕಿನಲ್ಲಿ ಆದರೆ, ಬೆಚ್ಚಗಾಗಿದ್ದನ್ನೋ ಊದಿದ್ದನ್ನೋ ಬೆಳೆದದ್ದು ಅಂತ ಓದಿದರೆ, ಕೊಯ್ಲಿನ ಹೊತ್ತು ತಪ್ಪುತ್ತೆ. ಹಾಗೆ ದುರ್ಬಲವಾದ ಲಸಿಕೆಯನ್ನ ಹಾಕಿಸಿಕೊಂಡ ರಾಸಿಗೆ ಅದು ಗೊತ್ತಾಗೋದು ರೋಗ ಬಂದ ದಿನ.

ಮುಂದಿನ ಸೆಮಿಸ್ಟರಿನಲ್ಲಿ ಫ್ರೀಕ್ವೆನ್ಸಿ ಸ್ಕ್ಯಾನ್ ಮಾಡೋ ಸರ್ಕ್ಯೂಟ್ ಕಟ್ಟೋ ಯೋಚನೆ ಇದೆ. ಇಸಿಯವರು ಸರ್ಕ್ಯೂಟಿಗೆ, ಸಿಎಸ್‌ನವರು ಗ್ರಾಫಿಗೆ, ಮೆಕ್‌ನವರು ಎಲೆಕ್ಟ್ರೋಡ್ ಹಿಡಿಯೋ ಮುಚ್ಚಳಕ್ಕೆ ಬೇಕು. ಬಯೋಟೆಕ್‌ನವರು ಬೇಕೇ ಬೇಕು, "ಸತ್ತದ್ದು ಹಾಕಿ ನೋಡಿದ್ರಾ?" ಅಂತ ಕೇಳೋಕೆ.